ಕಂದೀಲವ್ವ, ಭಾಗ ಎಂಟು

ಕೌಲ್ ಬಜಾರಿನ ಹಿಂದಿನ ಓಣಿ, ಎರಡನೇ ಮಾಳಿಗೆ.
ಹದಿನಾರು ಮಷಿನು ಒಮ್ಮೆಗೇ ನಿಂತವು.
ಕರೆಂಟು ಹೋದದ್ದಲ್ಲ, ಊಟದ ಹೊತ್ತೂ ಅಲ್ಲ,
ಯರ್ರಿಸ್ವಾಮಿಯ ಮೊಬೈಲಿನಲ್ಲಿ
ಕಂದೀಲವ್ವ ಮತ್ತೆ ಬಂದಿದ್ದಳು,
ಎಂಟನೇ ಸಲ,
ಒಂದು ನಿಮಿಷ ನಲವತ್ತು ಸೆಕೆಂಡು.

ಜೀನ್ಸಿನ ನೀಲಿ ಹತ್ತಿದ ಬೆರಳುಗಳು ಪರದೆಯ ಸುತ್ತ.
ಯಾರೂ ಉಸಿರು ಬಿಡಲಿಲ್ಲ.
ಆಮೇಲೆ ಎಲ್ಲರೂ ಒಟ್ಟಿಗೇ ಬಿಟ್ಟರು, ಜಗಳವಾಗಿ.

"ಪಾದ ನೋಡ್ರಿ, ಪಾದ!" ಗಾದಿಲಿಂಗ ಎದ್ದೇ ನಿಂತ.
"ಏಳು ಪಿಕ್ಚರ್ ತನಕ ಹಿಂದಮುಂದ ಇದ್ದ ಪಾದ
ಎಂಟರಾಗ ಸೀದಾ ಹೆಂಗಾದವು?
ವಿಮ್ಸಿನಾಗ ಆಪರೇಷನ್ ಮಾಡಿಸ್ಕೊಂಡಾಳೇನು?"

ಯರ್ರಿಸ್ವಾಮಿಗೆ ಸಿಟ್ಟು ಬಂತು.
ಮೊದಲನೆಯದನ್ನು ಹನ್ನೊಂದು ಸಲ ನೋಡಿದವನು,
ನಾಲ್ಕನೆಯದನ್ನು ಲೆಕ್ಕಕ್ಕೇ ಹಿಡಿಯದವನು,
ಕಂದೀಲಿನೊಳಗೆ ಬಲ್ಬು ಕಂಡಿತ್ತು ಎಂಬ ಒಂದೇ ಕಾರಣಕ್ಕೆ.
"ಡೈರೆಕ್ಟರ್ ಬ್ಯಾರೆ ಆಗ್ಯಾನ, ತಡೀ.
ಇದಕ್ಕೂ ಏನರ ಒಂದು ಲೆಕ್ಕ ಇರ್ತತಿ."

"ಲೆಕ್ಕ ಬಿಡು," ಅಂದಳು ಖಾಜಾಬಿ
ಹಲ್ಲಲ್ಲಿ ದಾರ ಕಡಿಯುತ್ತ.
"ಅಕಿ ಜಾಕೀಟಿನ ತೋಳು ನೋಡಿದಿಯೇನು?
ಸತ್ತು ನೂರು ವರ್ಷ ಆತಂತ,
ಕಂಕಳಾಗ ಓವರ್‌ಲಾಕ್ ಹೊಲಿಗಿ!
ನಮ್ಮಂಗೇ ಯಾರೋ ಪೀಸ್ ರೇಟಿಗೆ ಹೊಲದಾರ,
ಅದೂ ಅವಸರದಾಗ."

ನಕ್ಕೆವು. ಮೇಸ್ತ್ರಿಯ ಕೆಮ್ಮು ಮೆಟ್ಟಿಲು ಹತ್ತಿತು.
ಮಷಿನುಗಳು ಎದ್ದವು, ಜಗಳ ಅವುಗಳ ಮೇಲೆ ಏರಿ ಕೂತಿತು,
ಜಿಪ್ಪಿಗೊಂದು ಮಾತು, ಜೇಬಿಗೆರಡು.

ನಿಜವಾದ ಬಿರುಕು ಏಳನೇ ಭಾಗದ್ದು.
ಅದರಲ್ಲಿ ಅವಳಿಗೊಂದು ಕಥೆ ಕೊಟ್ಟಿದ್ದರು:
ಗಂಡ, ಅತ್ತೆ, ಸೀಮೆಎಣ್ಣೆ, ಒಂದು ಕಡ್ಡಿ.
ಯರ್ರಿಸ್ವಾಮಿ ಕತ್ತಲಲ್ಲಿ ಅತ್ತನಂತೆ.
ಖಾಜಾಬಿ ಎದ್ದು ಹೋಗಿ
ಗೇಟಿನ ಹತ್ತಿರ ಒಗ್ಗರಣೆ ಮಿರ್ಚಿ ತಿಂದು ಬಂದಳಂತೆ.
"ಕಾರಣ ಕೊಟ್ಟಮ್ಯಾಲೆ ದೆವ್ವ ಎಲ್ಲಿ ಉಳೀತು?
ಬಾಜೂಮನಿಯಾಕಿ ಆದ್ಳು.
ಬಾಜೂಮನಿಯಾಕಿಗೆ ಯಾರು ಅಂಜತಾರ?"

ನನ್ನ ರಿವೆಟ್ ಒಂದು ಸೊಟ್ಟ ಕೂತಿತು.

ಇವರಿಗೆ ಹೇಳಿಲ್ಲ ನಾನು.
ಒಂದು ಭಾಗವನ್ನೂ ಕಣ್ಣು ತೆರೆದು ನೋಡಿದವಳಲ್ಲ.
ಕಂದೀಲಿನ ಹಿಡಿ ಕಿರ್ರ್ ಅನ್ನುವುದು,
ಮುಂದಿನ ಸೀಟಿನವರು ಹೌಹಾರುವುದು,
ಅಷ್ಟೇ ನನಗೆ ಗೊತ್ತಿರುವ ಸಿನಿಮಾ.

ಎರಡನೇ ಭಾಗ ಬಂದ ವರ್ಷ. ಸೆಕೆಂಡ್ ಶೋ ಮುಗಿಸಿ
ಮನೆಮಂದಿಯೆಲ್ಲ ಆಗಷ್ಟೇ ಮಲಗಿದ್ದೆವು.
ಕದ ಬಡಿದ ಸದ್ದು, ಸಂದಿನಲ್ಲಿ ಹಳದಿ ಬೆಳಕು.
"ತೆಗಿಬ್ಯಾಡ್ರಿ, ಕಂದೀಲವ್ವ ಬಂದಾಳ!"
ಅವ್ವ ಅಂದಳು, ನಗುತ್ತ.
ನಾವೂ ಕೌದಿಯೊಳಗೆ ಬಾಯಿ ಮುಚ್ಚಿಕೊಂಡು ನಕ್ಕೆವು,
ಬೆಳಕು ಹೋಗುವ ತನಕ.

ಬೆಳಿಗ್ಗೆ ಬಾಜೂಮನೆಯ ಸುಂಕಮ್ಮ ಇರಲಿಲ್ಲ.
ಅವಳ ಗಂಡ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.
ಅದಿರು ಲಾರಿಗಳು ಎಬ್ಬಿಸಿ ಹೋದ ಕೆಂಪು ಧೂಳು
ನಮ್ಮ ಹೊಸ್ತಿಲ ಮುಂದೆ ತೆಳ್ಳಗೆ ಕೂತಿತ್ತು.
ಅದರಲ್ಲಿ ಬರಿಗಾಲಿನ ಗುರುತು:
ಬಂದದ್ದು,
ಬಹಳ ಹೊತ್ತು ನಿಂತದ್ದು,
ತಿರುಗಿ ಹೋದದ್ದು.
ಅವ್ವ ಮಾತಾಡದೆ ಕಸಬರಿಗೆ ತಂದಳು.

"ಏ, ನೀ ಏನಂತಿ?" ಗಾದಿಲಿಂಗ ನನ್ನ ಮೇಜು ಕುಟ್ಟಿದ.
"ಪಾದ ಸೀದಾ ಇದ್ರ ನಡೀತತೇನು?"

"ಸೀದಾನ ಇರ್ತಾವ," ಅಂದೆ.

ಯಾಕೋ ಅವನು ಮುಂದೆ ಕೇಳಲಿಲ್ಲ.

ಸಂಜೆ ಟಿಕೆಟ್ಟಿಗೆ ರೊಕ್ಕ ಕೂಡಿಸಿದವಳು ಖಾಜಾಬಿಯೇ,
ದಿನವಿಡೀ ಬೈದವಳು.
ಶುಕ್ರವಾರ, ಮೊದಲ ಆಟ, ಹನ್ನೊಂದು ಮಂದಿ.
"ನಿನಗ ಯಾವ ಸೀಟು?
ಪ್ರತಿ ಸಲದಂಗ ನಡುವಿಂದೇನು, ಅಂಜುಬುರುಕಿ?"

ಬಾಗಿಲ ಹತ್ತಿರದ್ದು, ಅಂದೆ.
ನೂರೈವತ್ತರ ನೋಟುಗಳ ಮೇಲೆ
ನನ್ನ ಹೆಬ್ಬೆರಳು, ನೀಲಿ.