ಹಿಡಿಯುವ ಜಾಗ

ಬಿಸ್ತ್ರಿಕ್ ಏರಿನ ಅರ್ಧದಲ್ಲಿ, ಬ್ರೆಡ್ಡಿನಂಗಡಿಯ ಎದುರು
ಎಂಜಿನ್ ಕೂಗಿತು, ಗಾಲಿ ಕಿವಿಗೆ ಹಾಕಿಕೊಳ್ಳಲಿಲ್ಲ.
ರಸೇಮಾ, ಅರವತ್ತೊಂದು ವರ್ಷ, ಹನ್ನೆರಡನೇ ಪಾಠ,
ಸ್ಟಿಯರಿಂಗಿಗೆ ಎರಡೂ ಕೈ ಅಂಟಿಸಿಕೊಂಡು ಕೇಳಿದಳು,
ನಾನೇನು ಮಾಡಿದೆ?
ನೀನಲ್ಲ, ಅಂದೆ.
ಕಾರಿನ ತುಂಬ ಸುಟ್ಟ ಉಗುರಿನ ವಾಸನೆ.

ಗ್ಯಾರೇಜಿನವನು ಕೇಳಿದ್ದು ಎರಡು ತಿಂಗಳ ಪಾಠದ ದುಡ್ಡು.
ಹಾಗಾಗಿ ಶನಿವಾರ, ನಮ್ಮ ಅಂಗಳ,
ಪಕ್ಕದ ಮನೆಯ ಓಸ್ತೋಯಾನ ಜಾಕು,
ನನ್ನ ತಮ್ಮ ಬಿಟ್ಟುಹೋದ ಸ್ಪ್ಯಾನರುಗಳು,
ಅದರಲ್ಲಿ ಹದಿಮೂರರದ್ದು ಮಾತ್ರ ಇಲ್ಲ.
ಯಾವಾಗಲೂ ಅದೇ ಇರುವುದಿಲ್ಲ.

ಕರೆಯದೆ ಬಂದಳು ರಸೇಮಾ,
ಟಾರ್ಚು, ಕಾಫಿಯ ಥರ್ಮಾಸು, ಒಂದು ಹಳೆಯ ಕಂಬಳಿ.
ನನ್ನ ಕಾಲಿಗೆ ಸಿಕ್ಕಿ ಹಾಳಾದದ್ದು ಯಾವುದೋ
ಅದರ ಮುಖ ನೋಡಬೇಕು, ಅಂದಳು.

ಮೊದಲು ಬ್ಯಾಟರಿ. ಆಮೇಲೆ ಕೇಬಲ್ಲು.
ಆಕ್ಸಲಿಗೆ ಹನ್ನೆರಡು ಬೋಲ್ಟು: ಹನ್ನೊಂದು ಹತ್ತು ನಿಮಿಷಕ್ಕೆ,
ಹನ್ನೆರಡನೆಯದಕ್ಕೆ ಮಧ್ಯಾಹ್ನದ ಊಟ ತಣ್ಣಗಾಯಿತು.
ಓಸ್ತೋಯಾ ಅದರ ತಾಯಿಯನ್ನೂ ಅಜ್ಜಿಯನ್ನೂ ನೆನೆದ.
ಗೇರ್‌ಬಾಕ್ಸು ಇಳಿದದ್ದು ನನ್ನ ಎದೆಯ ಮೇಲೆ,
ಈಗಷ್ಟೇ ಬಿದ್ದ ಕರುವಿನಷ್ಟು ಭಾರ, ಅಷ್ಟೇ ಜಾರು.
ಮೂವರೂ ಅದನ್ನು ಕಂಬಳಿಗೆ ಮಲಗಿಸಿದೆವು.
ಯಾರೂ ಮಾತಾಡಲಿಲ್ಲ ಒಂದು ಗಳಿಗೆ.

ಈ ಹಳೇ ಗಾಲ್ಫಿನೊಳಗೆ ಎಲ್ಲ ತಿರುಗುಮುರುಗು.
ಬೇರೆ ಗಾಡಿಗಳಲ್ಲಿ ಕೊನೆಗೆ ಸಿಗುವ ಫ್ಲೈವೀಲು
ಇಲ್ಲಿ ಬಾಗಿಲಲ್ಲೇ ನಿಂತಿರುತ್ತದೆ.
ಅದನ್ನು ಬಿಚ್ಚಿದರೆ, ಹಿಂದೆ, ಪ್ಲೇಟು:
ಹಪ್ಪಳದಷ್ಟು ತೆಳ್ಳಗೆ, ರಿವೆಟ್ಟುಗಳು ಹಲ್ಲು ಬಿಟ್ಟು.
ಕಬ್ಬಿಣದ ಮೇಲೆ ಅಲ್ಲಲ್ಲಿ ನೀಲಿ ಬರೆ.

ಕರೀ ಪುಡಿ.
ಊದಬೇಡ, ಎದೆಗೆ ಒಳ್ಳೆಯದಲ್ಲ,
ಒದ್ದೆ ಬಟ್ಟೆಯಲ್ಲಿ ಒರೆಸು, ಅಂದೆ.
ಒರೆಸುತ್ತ ಕೇಳಿದಳು: ಇದರಲ್ಲಿ ನನ್ನದೆಷ್ಟು?

ಲೆಕ್ಕ ಹೇಳಿದೆ.
ಎಡಗಾಲನ್ನು ಒಮ್ಮೆಯೂ ಪೂರ್ತಿ ಎತ್ತದ ನಿಹಾದನದು ಒಂದು ಪದರ.
ಪ್ರತಿ ಗೇರಿಗೂ ಕ್ಷಮೆ ಕೇಳುತ್ತಿದ್ದ ಮಿರ್ನಾಳದು ಒಂದು.
ಟ್ರಾಮಿನ ಗಂಟೆ ಕೇಳಿದರೆ ಕಣ್ಣು ಮುಚ್ಚುತ್ತಿದ್ದ
ಪಾದ್ರಿಯ ಮಗನದು. ನಿನ್ನದು ಚಿಟಿಕೆ.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು.
ಕಲಿಸುವವರ ಕಡೆಗೂ ಪೆಡಲು ಇರುತ್ತದಲ್ಲ,
ಹದಿನಾಲ್ಕು ವರ್ಷ, ಎಲ್ಲರ ಹೆದರಿಕೆಯ ಅಡಿಯಲ್ಲಿ
ನನ್ನ ಪಾದ, ಯಾರನ್ನೂ ನಂಬದೆ,
ಒಂದು ಬೆರಳಿನಷ್ಟು ಒತ್ತಿಯೇ ಇತ್ತು.
ಸಮತಟ್ಟು ರಸ್ತೆಯಲ್ಲೂ. ಚೆನ್ನಾಗಿ ಓಡಿಸುವವರಿಗೂ.

ಹೊಸ ಪ್ಲೇಟನ್ನು ನಡುವಿಗೆ ಕೂರಿಸಲು
ಪೊರಕೆಯ ಹಿಡಿಗೆ ಟೇಪು ಸುತ್ತಿದೆವು.
ಎರಡು ಸಲ ಗೇರ್‌ಬಾಕ್ಸು ಎತ್ತಿ, ಸೇರದೆ, ಇಳಿಸಿ,
ಓಸ್ತೋಯಾ ಸೊಂಟ ಹಿಡಿದು ಕೂತ.
ನಲವತ್ತು ವರ್ಷ ಕೈಗವಸು ಹೊಲಿದ ರಸೇಮಾ
ಒಂದು ಕಣ್ಣು ಮುಚ್ಚಿ ನೋಡಿದಳು:
ಕೂದಲೆಳೆಯಷ್ಟು ಎಡಕ್ಕೆ ಇದೆ.
ಎಡಕ್ಕೇ ಇತ್ತು.
ಮೂರನೆಯ ಸಲ ಅದು ಉಸಿರೆಳೆದ ಹಾಗೆ ಒಳಗೆ ಹೋಯಿತು.

ಕತ್ತಲಾಗುವ ಹೊತ್ತಿಗೆ ಕೀಲಿಕೈ ಅವಳಿಗೆ ಕೊಟ್ಟೆ.
ಪಕ್ಕದಲ್ಲಿ ಕೂತು, ನನ್ನ ಎರಡೂ ಕಾಲು
ಮಡಚಿ ಸೀಟಿನ ಕೆಳಗೆ ಇಟ್ಟುಕೊಂಡೆ.
ಅವು ಅಲ್ಲಿ ಇರಲಾರದೆ ನಡುಗಿದವು.
ಎಂಜಿನ್ ನಿಂತಿತು. ಮತ್ತೆ ನಿಂತಿತು.
ಹಿಡಿಯುವ ಜಾಗ ಮೊದಲಿದ್ದಲ್ಲಿ ಇಲ್ಲ, ಅಂದಳು.
ಹುಡುಕು, ಅಂದೆ.
ನಾಲ್ಕು ಮೀಟರು, ಸೌದೆರಾಶಿಯ ತನಕ,
ಕಾರು ಎದ್ದು ನಡೆಯಿತು.

ಇಳಿದವಳು ಹಳೆಯ ಪ್ಲೇಟು ಕೇಳಿದಳು,
ಎಲೆಕೋಸಿನ ಪೀಪಾಯಿಯ ಮುಚ್ಚಳಕ್ಕೆ ಭಾರ ಬೇಕಂತೆ.
ಅದರಲ್ಲೆಲ್ಲಿದೆ ಭಾರ, ಸವೆದುಹೋಗಿದೆ, ಎಣ್ಣೆ ಬೇರೆ.
ಇರಲಿ ಬಿಡು, ಅಂದಳು,
ಕಂಬಳಿಯಲ್ಲಿ ಸುತ್ತಿ ಕಂಕುಳಿಗಿಟ್ಟುಕೊಂಡು
ಏರು ಹತ್ತಿ ನಡೆದೇ ಹೋದಳು.