ದಂತ್ಯ

ಆರ್ವಿಲ್ ಟ್ಯಾಂಗೆನ್, ಎಂಬತ್ತಮೂರು, ಮೇಲ್ದವಡೆ ಪೂರ್ತಿ ಬೋಳು.
ಅಚ್ಚು ತೆಗೆಯುವ ಗುಲಾಬಿ ಕಣಕ ಬಾಯ್ತುಂಬ ಇಟ್ಟು
ಮೂರು ನಿಮಿಷ ಮಾತಾಡಬೇಡಿ ಅಂದೆ.
ಸಹಾಯಕಿ ನಕ್ಕಳು: ಡುಲೂತಿನಲ್ಲಿ ಇವರ ಬಾಯಿ ಮುಚ್ಚಿಸಿದವರು
ನೀವೇ ಮೊದಲು, ಡಾಕ್ಟರೇ.

ಆ ಮೂರು ನಿಮಿಷದಲ್ಲಿ ಅವಳೇ ಹೇಳಿದ್ದು:
ಸಂಜೆ ನಾಲ್ಕಕ್ಕೆ, ಟೀವಿಯಲ್ಲಿ, ರಟ್ಟಿನ ಹಡಗು.
ಕಿಟಕಿಯಲ್ಲಿ ಮಿಸೆಸ್ ಸ್ವೆನ್ಸನ್ ಎಂಬ ವಾಲ್ರಸ್ಸು.
ಇವರ ಉಣ್ಣೆ ಕಾಲುಚೀಲವೇ ಮೈ,
ಸೀಮೆಸುಣ್ಣದ ಎರಡು ತುಂಡು ಕೋರೆಹಲ್ಲು.
ಹುಟ್ಟುಹಬ್ಬದ ಮಕ್ಕಳ ಹೆಸರು ಓದುವಾಗ
ಸ ಬಂದಲ್ಲೆಲ್ಲ, ಇವರ ಮುಂಬಲ್ಲಿನ ಸಂದಿಯಿಂದ,
ವಾಲ್ರಸ್ಸು ಸುಯ್ಯೆಂದು ಸಿಳ್ಳೆ ಹಾಕುತ್ತಿತ್ತು.
ಸೂಸನ್‌ಗಳು ಪುಣ್ಯವಂತರು.
ನನ್ನದು ಡೋನಾ. ಒಂದೂ ಸ ಇಡದ ತಪ್ಪಿಗೆ
ಅಮ್ಮನ ಜೊತೆ ವಾರ ಮಾತು ಬಿಟ್ಟಿದ್ದೆ.

ತುಟಿಯ ಗುಲಾಬಿ ಒರೆಸಿಕೊಂಡು ಅವರು ಅಂದರು:
ಹದಿನೆಂಟು ವರ್ಷ. ಒಂದು ಸಂಜೆಯೂ ಉಳಿದಿಲ್ಲ.
ಟೇಪು ದುಬಾರಿ; ಅದರ ಮೇಲೇ ಬೌಲಿಂಗ್ ಪಂದ್ಯ ತುಂಬಿದರು.
ಆಮೇಲೆ ರೇಡಿಯೋ, ಬೆಳಗಿನ ಐದು.
ಹಿಮ ಬಿದ್ದ ದಿನ ಯಾವ ಶಾಲೆಗೆ ರಜೆ ಅಂತ ಓದುವುದು:
ಪ್ರಾಕ್ಟರ್, ಎಸ್ಕೊ, ಹರ್ಮನ್‌ಟೌನ್...
ಕಂಬಳಿಯೊಳಗೆ ಉಸಿರು ಬಿಗಿಹಿಡಿದ ಮಕ್ಕಳು.
ಕೈಗೆ ಕಾಲುಚೀಲ ಹಾಕಿಕೊಂಡೇ ಓದುತ್ತಿದ್ದೆ,
ರೇಡಿಯೋದಲ್ಲಿ ಯಾರಿಗೆ ಗೊತ್ತಾಗುತ್ತೆ.

ಹದಿನೈದು ದಿನಕ್ಕೆ ಹಲ್ಲು ಸಿದ್ಧ. ಒಂದು ಸೊಟ್ಟ ಇಲ್ಲ.
ಕನ್ನಡಿ ಕೊಟ್ಟೆ, ಅವರು ನೋಡಲಿಲ್ಲ.
ಬರಿಗೈ ಮುಷ್ಟಿ ಮಾಡಿ, ಮುಷ್ಟಿಯ ಬಾಯಿ ತೆರೆದು
ಸೂಸನ್, ಅಂದರು. ಮತ್ತೆ, ಸೂಸನ್.
ಸ ಸರಿಯಾಗಿಯೇ ಬಂತು.
ಡೋನಾ ಟ್ರೇ ಕೆಳಗಿಟ್ಟು ನನ್ನತ್ತ ನೋಡಿದಳು,
ನಾನೇನೋ ಕದ್ದ ಹಾಗೆ.

ಸ ದಂತ್ಯ, ಹಲ್ಲಿನ ಅಕ್ಷರ, ಅಂತ
ಹಾವೇರಿಯ ಶಾಲೆಯಲ್ಲಿ ನಮ್ಮ ಮೇಷ್ಟ್ರು
ಬೆತ್ತದ ತುದಿಯಿಂದ ತಮ್ಮದೇ ಹಲ್ಲು ತಟ್ಟಿ ತೋರಿಸುತ್ತಿದ್ದರು.
ಹಲ್ಲಿಲ್ಲದ ಜಾಗದ ಬಗ್ಗೆ ಏನೂ ಹೇಳಿರಲಿಲ್ಲ.

ಸಣ್ಣ ಡ್ರಿಲ್ಲು ತಗೊಂಡೆ.
ಮುಂದಿನ ಎರಡರ ನಡುವೆ ಕೂದಲೆಳೆಯಷ್ಟು ಕೊರೆದು
ಹೇಳಿ, ಅಂದೆ.
ಇನ್ನೂ ಸ್ವಲ್ಪ. ಹೇಳಿ. ಇನ್ನೂ.
ಗೋಡೆಯ ಮೇಲಿನ ನನ್ನ ಡಿಗ್ರಿಯ ಕಡೆ ತಿರುಗಲೇ ಇಲ್ಲ.
ನಾಲ್ಕನೆಯ ಸಲಕ್ಕೆ ಸುಯ್ಯೆಂದಿತು.

ಮುಷ್ಟಿ ಮೆಲ್ಲಗೆ ಡೋನಾಳ ಕಡೆ ತಿರುಗಿ,
ಐವತ್ತು ವರ್ಷ ತಡವಾಗಿ, ಅಂದಿತು:
ಸ್ಸ್‌ಡೋನಾ.