ಬಕಾರದ ಊರುಗಳು

ಮುರಿಗೆಪ್ಪ ಕಾಕಾ ಮೂವತ್ತೊಂದು ವರ್ಷ ಕಂಡಕ್ಟರು.
ಬಾಗಲಕೋಟೆ ಸ್ಟ್ಯಾಂಡಿಗೆ ತಿರುಗುವ ಬಸ್ಸಿನ ಬೋರ್ಡು
ಧೂಳಿನೊಳಗಿಂದಲೇ ಓದಿ ಹೇಳುತ್ತಿದ್ದ:
"ಅದು ಬೀಳಗೀದು ಬೇ ಯಮ್ಮಾ, ನಿಂದಲ್ಲ, ಕುಂದ್ರು."

ಹೋದ ಚಳಿಗಾಲ, ಒಂದು ಬೆಳಿಗ್ಗೆ
ಪೇಪರು ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.
"ಇದ್ಯಾವ ಭಾಷಾದ ಪೇಪರ್ ಹಾಕ್ಯಾನ ಇಂವಾ?"
ಸ್ಕ್ಯಾನಿನಲ್ಲಿ ಹಿಂದಲೆಯ ಎಡಕ್ಕೆ
ಹುಣಸೆಬೀಜದಷ್ಟು ಕಪ್ಪು.

ಅಂಕಿ ಉಳಿದಿವೆ, ನೋಟು ಎಣಿಸುತ್ತಾನೆ.
ಬರೆಯೆಂದರೆ ದುಂಡಗೆ ಬರೆಯುತ್ತಾನೆ,
ಟಿಕೆಟ್ಟಿನ ಹಿಂದೆ ಚಿಲ್ಲರೆ ಬಾಕಿ ಬರೆದಂತೆ.
ಬರೆದದ್ದನ್ನು ಓದೆಂದರೆ
"ಯಾರ ಅಕ್ಷರ ಇದು?" ಅನ್ನುತ್ತಾನೆ.

ನಾನು ಓದುತ್ತಿರುವುದು ಇದನ್ನೇ.
ನವನಗರದ ಮಹಡಿ ಕೋಣೆಯಲ್ಲಿ
ಕಂಪ್ಯೂಟರಿನೊಳಗೊಂದು ಸಣ್ಣ ತಲೆ ಕಟ್ಟಿದ್ದೇನೆ:
ಕೆಳಗೆ ಗೆರೆಗಳು, ಮೇಲೆ ಅಕ್ಷರ, ಅದರ ಮೇಲೆ ಊರುಗಳು.
ಬ ಬಿದ್ದರೆ ಸಾಕು,
ಬಾದಾಮಿ, ಬೀದರ, ಬೆಳಗಾವಿ, ಬಬಲೇಶ್ವರ, ಬೀಳಗಿ
ಎಲ್ಲವೂ ಒಮ್ಮೆಗೇ ಏಳುತ್ತವೆ,
ಕಿಟಕಿಯಿಂದ ಟವೆಲ್ಲು ಎಸೆಯುತ್ತವೆ,
ಒಂದನ್ನೊಂದು ಮೊಣಕೈಯಲ್ಲಿ ನೂಕುತ್ತವೆ.
ದೀರ್ಘ ಕಂಡೊಡನೆ ಬಾದಾಮಿ ಹಿಂದಕ್ಕೆ.
ಬೀದರದ ಒಂದು ಕಾಲು ಆಗಲೇ ಮೆಟ್ಟಿಲ ಮೇಲೆ.
ಳ ಬಂತು, ಬೀದರ ಇಳಿಯಿತು,
ಬೆಳಗಾವಿ ಸುಮ್ಮನೆ ಒಮ್ಮೆ ತಲೆಯೆತ್ತಿತು.
ಗಿ ಬಂದ ಮೇಲೆ ಸೀಟು ಬೀಳಗಿಯದು.
ಇಷ್ಟೆಲ್ಲ ಗದ್ದಲ ರೆಪ್ಪೆ ಬಡಿಯುವುದರೊಳಗೆ.
ಓದುವವನಿಗೆ ಕೇಳಿಸುವುದೇ ಇಲ್ಲ.

ನಿನ್ನೆ ರಾತ್ರಿ ಕಾಕಾನ ಗಾಯವನ್ನು ಅಲ್ಲಿಗೂ ಮಾಡಿದೆ.
ಗೆರೆಯಿಂದ ಅಕ್ಷರಕ್ಕೆ ಹೋಗುವ ತಂತುಗಳಲ್ಲಿ
ನೂರಕ್ಕೆ ಎಂಬತ್ತು ಕಡಿದೆ.
ಬೀಳಗಿ ತೋರಿಸಿದೆ.
ಊರುಗಳೆಲ್ಲ ಅರ್ಧ ಎದ್ದು ಹಾಗೇ ನಿಂತವು.
ಯಾರೂ ಹತ್ತಲಿಲ್ಲ.
ಗ್ರಾಫು ಬಹಳ ಚೆನ್ನಾಗಿ ಬಂದಿತ್ತು.
ಲೈಟು ಆರಿಸಿ ಮೆಟ್ಟಿಲ ಮೇಲೆ ಕೂತೆ.

ಇವತ್ತು ಅವನನ್ನು ಸ್ಟ್ಯಾಂಡಿಗೆ ಕರೆದೊಯ್ದೆ.
ಬೋರ್ಡನ್ನೇ ನೋಡುತ್ತ ಕಾಕಾ ಎಡಗೈ ಚಾಚಿದ,
ಬಲಗೈ ತೋರುಬೆರಳಿಂದ ಅಂಗೈ ಮೇಲೆ
ಕಂಡ ಗೆರೆಯನ್ನು ತಿದ್ದತೊಡಗಿದ,
ಮೊದಲು ಬ, ತಲೆಗೆ ಗುಡಿಸು, ಪಕ್ಕಕ್ಕೆ ದೀರ್ಘದ ಬಾಲ.
"ಬೀ" ಅಂದ.
ಡ್ರೈವರು ಹಾರ್ನ್ ಹೊಡೆದ.
ಮತ್ತೊಂದು ಸುತ್ತು, ಅದರೊಳಗೊಂದು ತಿರುವು. "ಳ."
ನಾನು ತುಟಿ ಕಚ್ಚಿ ನಿಂತಿದ್ದೆ. ಹೇಳಲಿಲ್ಲ.
ಕಣ್ಣಿಂದ ಹೋಗದ ದಾರಿಯನ್ನು
ಬೆರಳಿಂದ ಸುತ್ತಿಹಾಕಿ ಬರುತ್ತಿದ್ದಾನೆ ಇವನು,
ನಾನು ಕಟ್ಟಿದ ತಲೆಗೆ ಅಂಗೈಯೇ ಇಲ್ಲ.

"ಗಿ" ಬರುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು.
ಗಂಟು ಹೊತ್ತ ಹೆಂಗಸೊಬ್ಬಳು ಓಡಿ ಬಂದಳು:
"ಯಜಮಾನ್ರ, ಈಗ ಹೋತಲ್ರೀ, ಅದ್ಯಾವೂರ್ದು?"
ಕಾಕಾ ಅಂಗೈ ಮಡಚಿದ.
"ಬೀಳಗೀದು ಬೇ ಯಮ್ಮಾ," ಅಂದ.
"ಇನ್ನೊಂದು ಬರ್ತೈತಿ. ಕುಂದ್ರು."